ಹೀಟ್ ಹೊಡೆಯದ ಶರ್ಟುಗಳು

ನನ್ನ ಬಾಯಿ ಮೊದಲಿನಿಂದಲೂ ಜೋರು. ರಾಯಚೂರಿನಲ್ಲಿ ಅವ್ವ ಬೈದಳು, ಇಲ್ಲಿ ಬೆಂಗಳೂರಿನ ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿ ಗಂಡ ಬೈಯುತ್ತಾನೆ. ಯಾರ ಬೈಗುಳಕ್ಕೂ ನಾನು ಸೊಪ್ಪು ಹಾಕಿದವಳಲ್ಲ. ಆದರೆ ಒಮ್ಮೆ ಆಡಿದ ಎರಡು ಮಾತು ಇವತ್ತಿಗೂ ನನ್ನನ್ನು ತಿನ್ನುತ್ತಿವೆ.

ನಮ್ಮದು ಟೀ ಶರ್ಟಿಗೆ ಪ್ರಿಂಟು ಹಾಕುವ ಕೆಲಸ. ಮನೆಯಿಂದ ಎರಡು ಗಲ್ಲಿ ದಾಟಿದರೆ ಶೆಡ್ಡು. ಉದ್ದನೆಯ ಮೇಜಿಗೆ ಗೋಂದು ಸವರಿ ಶರ್ಟುಗಳನ್ನು ಸಾಲಾಗಿ ಅಂಟಿಸುತ್ತೇವೆ. ತೆಳುವಾದ ಜಾಲರಿ ಬಟ್ಟೆ ಬಿಗಿದ ಫ್ರೇಮನ್ನು ಮೇಲೆ ಕೂರಿಸಿ, ಬಣ್ಣ ಸುರಿದು, ರಬ್ಬರಿನ ಪಟ್ಟಿಯಿಂದ ಎಳೆಯುತ್ತೇವೆ. ಒಂದೊಂದು ಬಣ್ಣಕ್ಕೂ ಒಂದೊಂದು ಫ್ರೇಮು.

ಆಗ ಮೇಜು ನಡೆಸುತ್ತಿದ್ದವರು ಹಲಸೂರಿನ ಒಬ್ಬ ಹಿರಿಯರು. ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ. ಎಲ್ಲರಿಗೂ ಅವರು ಮಾಸ್ಟರ್. ಬೇರೆಯವರು ಫ್ರೇಮು ಕೂರಿಸಲು ಮೇಜಿಗೆ ಗುರುತು ಮಾಡಿಕೊಳ್ಳುತ್ತಿದ್ದರು. ಇವರದು ಬರೀ ಕಣ್ಣಳತೆ, ಅದರ ಬಗ್ಗೆ ಜಂಬವೂ ಇತ್ತು. ನನಗೆ ರಬ್ಬರು ಹಿಡಿಯಲು ಕಲಿಸಿದವರೂ ಅವರೇ. "ತೋಳಲ್ಲಿ ಎಳೀಬೇಡಮ್ಮಾ, ಸೊಂಟದಿಂದ ಎಳಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಹತ್ತಿ ಬಟ್ಟೆ ಬಿಸಿ ತಾಗಿದರೆ ಕುಗ್ಗುತ್ತದೆ. ಒಂದು ಬಣ್ಣವನ್ನು ಬಿಸಿಯಲ್ಲಿ ಒಣಗಿಸುವಾಗ ಶರ್ಟು ಕುಗ್ಗಿಬಿಟ್ಟರೆ ಮುಂದಿನ ಬಣ್ಣ ಜಾಗ ತಪ್ಪುತ್ತದೆ. ಅದಕ್ಕೆ ಪ್ರಿಂಟಿಗೆ ಮೊದಲೇ ಒಂದೊಂದು ಶರ್ಟನ್ನೂ ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಕುಗ್ಗಿಸಿ ಇಡಬೇಕು. ಹೀಟ್ ಹೊಡೆಯೋದು ಅನ್ನುತ್ತೇವೆ. ಬೇಜಾರಿನ ಕೆಲಸ, ಅದು ನನ್ನ ಪಾಲಿಗಿತ್ತು.

ಐದು ವರ್ಷದ ಹಿಂದೆ, ಅಕ್ಟೋಬರ್ ಕೊನೆಯಲ್ಲಿ ದೊಮ್ಮಲೂರಿನ ಆಟೋದವರ ರಾಜ್ಯೋತ್ಸವದ ಶರ್ಟುಗಳು ಬಂದವು. ಕಪ್ಪು ಶರ್ಟು, ಎದೆಯ ಮೇಲೆ ಕರ್ನಾಟಕದ ನಕ್ಷೆ. ತಳಕ್ಕೆ ಬಿಳಿ ಬಣ್ಣ ಹಾಕಿ, ಅದರ ಮೇಲೆ ಮೇಲರ್ಧ ಹಳದಿ, ಕೆಳಗರ್ಧ ಕೆಂಪು. ಎರಡೂ ಬಣ್ಣ ನಡುವೆ ಒಂದಕ್ಕೊಂದು ಅಂಟಿಕೊಂಡು ಕೂರಬೇಕು.

ನಾನು ಅರ್ಧದಷ್ಟು ಶರ್ಟುಗಳಿಗೆ ಹೀಟ್ ಹೊಡೆದಿದ್ದೆ, ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಪ್ರೆಸ್ಸು ಕಾಯಬೇಕು, ಹೊಟ್ಟೆ ಬೇರೆ ಹಸಿದಿತ್ತು. ಹಾಳಾಗಿ ಹೋಗಲಿ, ಹೊಸ ಬಟ್ಟೆ, ಏನಾಗುತ್ತೆ ಎಂದುಕೊಂಡು ಉಳಿದವನ್ನೂ ಹೊಡೆದವುಗಳ ಜೊತೆಗೇ ಪೇರಿಸಿ ಊಟಕ್ಕೆ ಹೋದೆ. ಎಂಥ ಸೋಂಬೇರಿತನ ನನ್ನದು!

ಕೆಂಪು ಹಾಕುವಾಗ ಮಾಸ್ಟರ್ ಕೈ ನಿಂತಿತು. ಕೆಲವು ಶರ್ಟಿನಲ್ಲಿ ಫ್ರೇಮು ಒಂದು ಕಡೆ ಕೂತರೆ ಇನ್ನೊಂದು ಕಡೆ ತಪ್ಪುತ್ತಿತ್ತು. ಬಗ್ಗಿ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಲ್ಲಕ್ಕೂ ಹೀಟ್ ಹೊಡ್ದಿದೀಯಾ ಅಮ್ಮಾ?"

"ಹೂಂ ರೀ, ಎಲ್ಲಕ್ಕೂ ಹೊಡದೀನಿ."

ಸರಿ ಎಂದು ತಲೆಯಾಡಿಸಿ ಎಳೆದು ಮುಗಿಸಿದರು. ಮರುದಿನ ಆಟೋದವರು ಬಂದರು. ಅರ್ಧಕ್ಕರ್ಧ ಶರ್ಟಿನಲ್ಲಿ ಹಳದಿ ಕೆಂಪಿನ ನಡುವೆ ದಾರದಷ್ಟು ಬಿಳಿ ಗೆರೆ. "ಏನ್ ಗುರು, ಕರ್ನಾಟಕನೇ ಎರಡು ಹೋಳು ಮಾಡ್ಬಿಟ್ರಲ್ಲ!" ಎಂದು ಒಬ್ಬ ನಕ್ಕ. ನಮ್ಮ ಓನರ್ ನಗಲಿಲ್ಲ. ಯಾರದು ತಪ್ಪು ಹೇಳಿ, ಅವರು ಇವತ್ತೇ ಮನೆಗೆ ಹೋಗಲಿ ಎಂದು ಕೂಗಾಡಿದರು.

ಯಾರಾದರೂ ನನ್ನ ಕಡೆ ನೋಡುವ ಮೊದಲೇ ಈ ದರಿದ್ರ ಬಾಯಿ ತೆರೆಯಿತು.

"ಮಾಸ್ಟರ್‌ಗೆ ಕಣ್ಣು ಮಂಜಾಗ್ಯಾವ ರೀ. ಒಂದು ಸರಿ ಹಾಕ್ತಾರ, ಒಂದು ತಪ್ಪು ಹಾಕ್ತಾರ."

ಅವರು ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಆಡಿದ್ದರೆ ನಾನೂ ಸೋತು ನಿಜ ಹೇಳುತ್ತಿದ್ದೆನೋ ಏನೋ. ಅವರು ಒಂದು ಶರ್ಟು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇರಬಹುದು. ವಯಸ್ಸಾಯ್ತಲ್ಲ" ಎಂದರು. ತಮ್ಮ ರಬ್ಬರು ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟು ಹೋದರು. ಮಾರನೆಯ ದಿನದಿಂದ ಅವರ ಮೇಜಿನಲ್ಲಿ ನಾನು ನಿಂತೆ.

ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಐದು ವರ್ಷ ಕಳೆದೆ. ಮರ್ಫಿ ಟೌನಿಗೂ ಹಲಸೂರಿಗೂ ನಡೆದರೆ ಎಷ್ಟು ದೂರ? ಹೋಗಲಿಲ್ಲ, ಅಷ್ಟೇ. ನೆಪ ಹೇಳುವುದಿಲ್ಲ.

ಕಳೆದ ತಿಂಗಳು ಹಲಸೂರಿನಲ್ಲಿ ತರಕಾರಿ ಕೊಂಡು ಬರುವಾಗ ಗಲ್ಲಿಯೊಂದರಲ್ಲಿ ಅವರು ಮನೆಬಾಗಿಲಲ್ಲೇ ಕೂತಿದ್ದರು. ಹೆಂಡತಿ ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ಇವರು ಕನ್ನಡಕವಿಲ್ಲದೆ ಸಣ್ಣ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಡುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ.

"ಬಾಮ್ಮಾ, ಬಾ! ಎಷ್ಟು ವರ್ಷ ಆಯ್ತು!" ಎಂದರು. ಹೆಂಡತಿ ಕಾಫಿ ಮಾಡಲು ಒಳಗೆ ಹೋದರು. ನಾನು ಚಪ್ಪಲಿ ಬಿಟ್ಟು ಕೂತೆ. ಆ ಸೂಜಿ ನೋಡಿದ ಮೇಲೆ ತಡೆಯಲು ಆಗಲಿಲ್ಲ.

"ಮಾಸ್ಟರ್, ಅವತ್ತು ಅರ್ಧ ಶರ್ಟಿಗೆ ನಾ ಹೀಟ್ ಹೊಡದಿರ್ಲಿಲ್ಲ. ನಿಮ್ಮ ಕಣ್ಣಿಗೆ ಏನೂ ಆಗಿರ್ಲಿಲ್ಲ."

ಅವರು ಕೈಲಿದ್ದ ಸೂಜಿಗೆ ದಾರ ಹಾಕಿ ಮುಗಿಸಿದರು. ಆಮೇಲೆ ಮಾತಾಡಿದರು.

"ಬಟ್ಟೆ ಕುಗ್ಗಿದೆ ಅಂತ ಕಣ್ಣು ಹೇಳ್ತಾನೇ ಇತ್ತು. ನೀನು ಹೂಂ ಅಂದೆ. ನನ್ ಕಣ್ಣು ಬಿಟ್ಟು ನಿನ್ ಮಾತು ನಂಬ್ದೆ."

ನನಗೆ ಅಳು ಬಂತು. "ತಪ್ಪಾಯ್ತು ಮಾಸ್ಟರ್. ಬರ್ರಿ, ಓನರ್‌ಗೆ ನಾನೇ ಹೇಳ್ತೀನಿ. ಮೇಜು ನಿಮ್ದೇ."

"ಕಣ್ಣಿದೆ, ಈಗ ಸೊಂಟ ಇಲ್ಲಮ್ಮಾ. ಅವತ್ತೇ ಹೇಳಿದ್ರೆ ಈ ಐದು ವರ್ಷ ಎಳೀತಿದ್ದೆ."

ಒಳಗೆ ಸ್ಟವ್ ಹಚ್ಚುವ ಸದ್ದಾಯಿತು. ಅವರು ಅತ್ತ ತಿರುಗಿ ಹೆಂಡತಿಗೆ ಕನ್ನಡದಲ್ಲೇ ಕೂಗಿ ಹೇಳಿದರು: "ಕಾಫಿ ಒಂದೇ ಸಾಕು. ಈಯಮ್ಮ ಹೊರಟ್ರು."

ನಾನು ಚಪ್ಪಲಿ ಹಾಕಿಕೊಂಡೆ.