ಬ್ರೇಕ್ ಪೈಪಿನ ಮೇಲಿನ ಅರಿಶಿನ

ಆಗ ನನಗೆ ಐವತ್ತೆಂಟು. ಒಂಬತ್ತು ವರ್ಷದ ಹಿಂದಿನ ಮಾತು. ಚಿಮ್ಮಡದ ಹತ್ತಿರ ರಸ್ತೆ ಮೇಲೆ ನನ್ನ ಟಾಯರ್ ಅಂಗಡಿ ಇತ್ತು. ಗಂಡ ತೀರಿಕೊಂಡಾಗ ಅಂಗಡಿ ಮುಚ್ಚು ಅಂದವರು ಬಹಳ ಮಂದಿ. ನಾನು ಮುಚ್ಚಲಿಲ್ಲ. ಪಂಕ್ಚರ್ ತೆಗೆಯುವುದು, ಟ್ರ್ಯಾಕ್ಟರ್ ಟಾಯರ್ ಬಿಚ್ಚಿ ಹಾಕುವುದು, ಎಲ್ಲ ಅವನ ಜೊತೆ ನಿಂತು ಕಲಿತಿದ್ದೆ. ಸಾಲಿ ಎರಡನೇ ಇಯತ್ತೆಗೆ ಬಿಟ್ಟವಳು. ಟಾಯರಿನ ಮೇಲಿನ ಅಂಕಿ ಓದಲು ಅಷ್ಟು ಸಾಕಿತ್ತು.

ಚಿಮ್ಮಡದ ಕುರಿಗಾರ ಬೀರಪ್ಪ ಒಂದು ಹಳೆಯ ಫೋರ್‌ವೀಲ್ ಜೀಪು ಇಟ್ಟಿದ್ದ. ಹಿಂಡು ಎಲ್ಲಿ ಬೀಡು ಬಿಟ್ಟರೂ ನೀರು, ಹಿಟ್ಟು, ನಡೆಯಲಾರದ ಮರಿ ಅದರಲ್ಲೇ ಸಾಗುತ್ತಿದ್ದವು. ಎರೆಮಣ್ಣಿನ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ತುಳಿದ ಜಾಡಿಗೆ ಜೀಪಿನ ಹೊಟ್ಟೆ ತಾಗಿ ನಿಂತುಬಿಡುತ್ತಿತ್ತು. ಅದಕ್ಕೆ ಅವನು ಮಹಾಲಿಂಗಪುರದಿಂದ ನಾಲ್ಕು ದೊಡ್ಡ ಟಾಯರ್ ತಂದು ಹಾಕಿಸಿಕೊಂಡ. ಮೊದಲಿದ್ದದ್ದು 6.00-16. ತಂದದ್ದು 7.50-16. ಎತ್ತರದಲ್ಲಿ ಮೂರಿಂಚು ಹೆಚ್ಚು, ಅಗಲವೂ ಹೆಚ್ಚು. ರಿಮ್ಮಿಗೆ ಕೂಡುವುದಂತೂ ಕೂಡುತ್ತದೆ. ಹೊರಳುತ್ತದೆಯೋ ಇಲ್ಲವೋ ಅದು ಬೇರೆ ಮಾತು.

ಎರಡೇ ದಿನಕ್ಕೆ ನನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದ. ಜೊತೆಗೆ ಹೆಂಡತಿ ಮಾಳವ್ವ.

“ಆಯಿ, ಹೊರಳಿಸಿದ್ರ ಗರ್ ಅಂತೈತಿ. ಕುರಿ ಸೈತ ಹೆದರಿ ಓಡಾಕತ್ತಾವ.”

“ಕುರಿಗೆ ಇದ್ದ ಬುದ್ಧಿ ನಿನಗ ಇಲ್ಲಲೇ ಬೀರ್ಯಾ. ಅಳತಿ ಕೇಳದ ಟಾಯರ್ ತರ್ತಾರೇನು?”

“ಹಂಗ ಅನ್ರಿ ಆಯಿ,” ಅಂದಳು ಮಾಳವ್ವ. “ನಾ ಅಂದ್ರ ಹೆಂಗಸಿಗೇನ ತಿಳಿತೈತಿ ಅಂತಾನ. ನೀವು ಅಂದ್ರ ಸುಮ್ಮ ನಿಂದರತಾನ.”

ಟಾಯರ್ ತಾಗುವ ಜಾಗ ಸುಮ್ಮನೆ ನೋಡಿದರೆ ಕಾಣುವುದಿಲ್ಲ. ಸಪ್ಪಳ ಒಂದು ಕಡೆ, ತಾಗುವುದು ಇನ್ನೊಂದು ಕಡೆ. ನನ್ನ ಗಂಡನ ಪದ್ಧತಿ ಹೀಗಿತ್ತು. ಅರಿಶಿನವನ್ನು ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಟಾಯರಿನ ಎರಡೂ ಅಂಚಿಗೆ ಬಳಿಯುವುದು. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಗಾಡಿ ಓಡಿಸುವುದು. ಆಮೇಲೆ ಕೆಳಗೆ ಮಲಗಿ ನೋಡುವುದು. ಹಳದಿ ಹತ್ತಿದ ಕಡೆ ಟಾಯರ್ ತಾಗಿದೆ. ಸುಣ್ಣವಾದರೆ ಉದುರುತ್ತದೆ, ಅರಿಶಿನ ಉದುರುವುದಿಲ್ಲ.

ಎರಡು ಕಡೆ ಹಳದಿ ಸಿಕ್ಕಿತು. ಮಡ್‌ಗಾರ್ಡಿನ ಹಿಂದಿನ ಅಂಚಿಗೆ, ಮತ್ತು ಒಳಗೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಾಟಾಕ್ಕೆ. ಮಡ್‌ಗಾರ್ಡನ್ನು ಗ್ರೈಂಡರಿನಿಂದ ಎರಡು ಬೆರಳು ಕೊಯ್ದೆ, ಉಳಿದ ಅಂಚನ್ನು ಸುತ್ತಿಗೆಯಿಂದ ಒಳಗೆ ಮಡಚಿದೆ. ಹಾಗೇ ಬಿಟ್ಟರೆ ಆ ತಗಡು ಟಾಯರನ್ನೇ ಕೊಯ್ಯುತ್ತದೆ. ಪಾಟಾಕ್ಕೆ ತಾಗದಂತೆ ಸ್ಟೇರಿಂಗ್ ಸ್ಟಾಪ್ ಬೋಲ್ಟನ್ನು ಸ್ವಲ್ಪ ಹೊರಗೆ ತಿರುವಿ ಉದ್ದ ಮಾಡಿದೆ. ಗಾಲಿ ಇಷ್ಟೇ ಹೊರಳಬೇಕು ಅಂತ ತಡೆಯುವ ಬೋಲ್ಟು ಅದು. ಗಾಡಿ ತಿರುಗಲು ಜಾಗ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಇರಲಿ. ಮತ್ತೆ ಓಡಿಸಿದೆ. ಸಪ್ಪಳವಿಲ್ಲ, ಹಳದಿಯೂ ಇಲ್ಲ.

ಉಳಿದದ್ದು ಕೊನೆಯ ಪರೀಕ್ಷೆ. ಹಿಂದೆ ಭಾರ ಹೇರಿ, ಮುಂದಿನ ಒಂದು ಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿ, ಪೂರ್ತಿ ಹೊರಳಿಸಿ ನೋಡಬೇಕು. ಹೊಲದ ದಾರಿ ಮಟ್ಟಸ ಇರುವುದಿಲ್ಲವಲ್ಲ.

ಸಪ್ಪಳ ನಿಂತದ್ದು ಕೇಳಿ ಮಾಳವ್ವ ಕೆಲಸ ಆತು ಅಂದುಕೊಂಡಳು. ಕಾಯಿ ಒಡೆದಳು. ಸೆರಗಿನ ಗಂಟು ಬಿಚ್ಚಿ ಬೀರೇಶ್ವರನ ಭಂಡಾರ ತೂರಿದಳು. ಭಂಡಾರ ಅಂದರೆ ದೇವರ ಹೆಸರಿನ ಅರಿಶಿನ ಪುಡಿ. ನಮ್ಮ ಮಂದಿ ಅದನ್ನು ಹಣೆಗೆ ಹಚ್ಚಿ ಸುಮ್ಮನಾಗುವುದಿಲ್ಲ, ಮುಷ್ಟಿಗಟ್ಟಲೆ ಎರಚುತ್ತಾರೆ. ಬಾನೆಟ್ಟಿಗೆ, ನಾಲ್ಕೂ ಗಾಲಿಗೆ, ಬಗ್ಗಿ ಜೀಪಿನ ಅಡಿಗೂ ತೂರಿದಳು. ತಡಿ, ಇನ್ನೊಂದು ಸಲ ನೋಡುವುದಿದೆ ಅನ್ನಬೇಕಿತ್ತು. ದೇವರ ಕೆಲಸಕ್ಕೆ ನಡುವೆ ಬಾಯಿ ಯಾಕೆ ಅಂತ ಸುಮ್ಮನಿದ್ದೆ.

ಆಮೇಲೆ ಕೊನೆಯ ಪರೀಕ್ಷೆ ಮಾಡಿದೆ. ಮಾಡಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಕೆಳಗೆ ಮಲಗಿ ನೋಡಿದರೆ ಎಲ್ಲ ಹಳದಿ. ಎಡಗಾಲಿಯ ಹತ್ತಿರ ಬ್ರೇಕ್ ಎಣ್ಣೆ ಹೋಗುವ ರಬ್ಬರ್ ಪೈಪಿನ ಮೇಲೆ ಬೆರಳಗಲ ಒಂದು ಪಟ್ಟೆ ಇತ್ತು. ಹೆಬ್ಬೆರಳಿನಿಂದ ಒರಸಿದೆ. ಬೆರಳಿಗೆ ಅಂಟಿತು. ಭಂಡಾರ ಒಣ ಪುಡಿ, ಅಂಟುವುದಿಲ್ಲ, ಉದುರುತ್ತದೆ. ಅಂಟಿದ್ದು ಎಣ್ಣೆಯಲ್ಲಿ ಕಲಸಿದ ನನ್ನ ಅರಿಶಿನ. ಅದು ನನಗೆ ಗೊತ್ತಿರಬೇಕಿತ್ತು. ಇದೂ ಭಂಡಾರವೇ ಅಂದುಕೊಂಡು ಸೀರೆಗೆ ಬೆರಳು ಒರಸಿಕೊಂಡು ಎದ್ದೆ.

“ಆತು, ಒಯ್ಯಿ,” ಅಂದೆ.

ಹದಿನೇಳನೆಯ ದಿನ ಮುಂಜಾನೆ ರಬಕವಿ ಕಡೆ ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಬೀರಪ್ಪನ ಜೀಪು ನಿಲ್ಲಲಿಲ್ಲ. ಮುಂದೆ ಹಿಂಡು ನೀರಿಗೆ ಇಳಿಯುತ್ತಿತ್ತು. ಅವನು ಬಲಕ್ಕೆ ಎಳೆದ. ಬಲಕ್ಕೆ ಜಾಲಿಗಿಡದ ಹತ್ತಿರ ಮಾಳವ್ವ ಮರಿ ಎತ್ತಿಕೊಳ್ಳಲು ಬಗ್ಗಿದ್ದಳು. ಗಿಡಕ್ಕೂ ಜೀಪಿಗೂ ನಡುವೆ ಅವಳ ಬಲಗಾಲು ಸಿಕ್ಕಿತು. ಜಮಖಂಡಿ ದವಾಖಾನೆಯಲ್ಲಿ ಮೊಣಕಾಲಿನ ಮೇಲಿನಿಂದ ಕಾಲು ತೆಗೆದರು. ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂದೆ ನಡೆಯುವ ಹೆಂಗಸು.

ಅದಾಗಿ ಐದನೆಯ ದಿನ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ನನ್ನ ಅಂಗಡಿಗೆ ಎಳೆದು ತಂದರು. ಬೀರಪ್ಪ ಕುಡಿದಿದ್ದ ಅಂತ ಅಷ್ಟರಲ್ಲಿ ಊರೆಲ್ಲ ಮಾತು. ಬ್ರೇಕ್ ತುಳಿದೆ, ಹತ್ತಲಿಲ್ಲ ಅಂತ ಅವನು ಎಷ್ಟು ಸಲ ಹೇಳಿದರೂ ಯಾರೂ ನಂಬಲಿಲ್ಲ. ಕೊನೆಗೆ ಅವನೂ ಹೇಳುವುದು ಬಿಟ್ಟಿದ್ದ. ನಾನು ಕೆಳಗೆ ಮಲಗಿದೆ. ಎಡಗಾಲಿಯ ಪೈಪು ಆ ಪಟ್ಟೆ ಇದ್ದ ಜಾಗದಲ್ಲೇ ಸವೆದು, ಒಳಗಿನ ನೂಲು ಕಂಡು, ಒಡೆದಿತ್ತು. ಗಾಲಿ ಮೇಲೇರಿದಾಗ ಆ ಪೈಪು ಸಡಿಲಾಗಿ ಹೊಟ್ಟೆ ಬಿಟ್ಟು ಟಾಯರಿನ ಕಡೆ ಬಾಗುತ್ತದೆ. ಹಳೆಯ ಜೀಪಿಗೆ ಬ್ರೇಕ್ ಎಣ್ಣೆಯ ದಾರಿ ಒಂದೇ. ಒಂದು ಕಡೆ ಒಡೆದರೆ ನಾಲ್ಕೂ ಗಾಲಿಗೆ ಬ್ರೇಕಿಲ್ಲ.

ಪೈಪು ಬಿಚ್ಚಿ ಅರಿವೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ.

ದವಾಖಾನೆಯಲ್ಲಿ ಮಾಳವ್ವನ ಅಣ್ಣ ಸಿದ್ದಪ್ಪ ಬೀಳಗಿಯಿಂದ ಬಂದು ಕೂತಿದ್ದ. ಬೀರಪ್ಪ ಬಾಗಿಲ ಹೊರಗೆ ನೆಲದ ಮೇಲೆ. ಒಳಗೆ ಬರಲು ಸಿದ್ದಪ್ಪ ಬಿಟ್ಟಿರಲಿಲ್ಲ.

“ನಾಳಿಗೆ ಸ್ಟೇಶನ್‌ನ್ಯಾಗ ಬರೆಸ್ತೀನಿ,” ಅಂದ ಸಿದ್ದಪ್ಪ. “ಕುಡಿದು ಹಾಯಿಸ್ಯಾನ ಅಂತ. ತಂಗೀನ ಬೀಳಗಿಗೆ ಒಯ್ತೀನಿ.”

ನಾನು ಅರಿವೆ ಬಿಚ್ಚಿ ಪೈಪು ಅವನ ಮುಂದೆ ಇಟ್ಟೆ. “ಅಂವ ಬ್ರೇಕ್ ತುಳಿದಾನ. ಹತ್ತಿಲ್ಲ. ಟಾಯರ್ ತಾಗಿ ಇದು ಹರದೈತಿ. ತಾಗೂದನ್ನ ನಾ ನೋಡಿನೂ ಹಂಗ ಬಿಟ್ಟೀನಿ.”

“ನೋಡಿ ಬಿಟ್ಯಾ? ನಿನ್ನ ಕಣ್ಣ ಏನ ಮಾಡಾಕತ್ತಿದ್ವು ಮುದುಕಿ?”

“ಕಣ್ಣ ಭಂಡಾರ ಅಂದ್ವು. ಬೆರಳ ಅಲ್ಲ ಅಂತು. ನಾ ಬೆರಳಿನ ಮಾತ ಕೇಳಲಿಲ್ಲ.”

ಮಾಳವ್ವ ಹಾಸಿಗೆಯಿಂದ ಮುಖ ಹೊರಳಿಸಿದಳು. “ಹಂಗಾರ ನಾ ತೂರಿದ ಭಂಡಾರನ ನನ್ನ ಕಾಲ ತಗೊಂತೇನ್ರಿ ಆಯಿ?”

ಹೌದು ಅಂದಿದ್ದರೆ ಅರ್ಧ ಭಾರ ಅವಳ ಮೇಲೆ ಹೋಗುತ್ತಿತ್ತು. ಅವಳು ಹೊರುತ್ತಿದ್ದಳು ಕೂಡ.

“ಇಲ್ಲವ್ವ. ತೂರೂದು ನಿನ್ನ ಕೆಲಸ. ಒರಸಿ ನೋಡೂದು ನನ್ನ ಕೆಲಸ ಇತ್ತು.”

ಅವಳು ಪೈಪಿನ ಹರಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಅಣ್ಣನಿಗೆ, “ಅವನ್ನ ಒಳಗ ಕರಿ,” ಅಂದಳು. ನನಗೆ, “ನೀವು ಹೋಗ್ರಿ,” ಅಂದಳು.

ಸಿದ್ದಪ್ಪ ಸ್ಟೇಶನ್ನಿಗೆ ಹೋಗಲಿಲ್ಲ. ಮಾಳವ್ವ ಬೀಳಗಿಗೂ ಹೋಗಲಿಲ್ಲ, ಕೋಲು ಹಿಡಿದು ಗಂಡನ ಮನೆಗೇ ಬಂದಳು. ಮುಂದಿನ ಬೇಸಿಗೆಗೆ ಹಿಂಡು ಮಾರಿದರು. ಎಲ್ಲಾದರೂ ಎದುರಾದರೆ ಇವತ್ತಿಗೂ ಅವಳು ಮುಖ ಆ ಕಡೆ ಮಾಡುತ್ತಾಳೆ. ಮಾಡಲಿ. ನಾನು ಅಂಗಡಿ ಬಿಟ್ಟು ಎರಡು ವರ್ಷ ಆತು. ಕೆಲಸ ನನಗೆ ಕಲಿಸಿದ್ದು ಇಷ್ಟು. ಪರೀಕ್ಷೆ ಮುಗಿಯುವ ತನಕ ಗಾಡಿಗೆ ಪೂಜೆ ಬೇಡ. ಪೂಜೆ ಆಗಿಬಿಟ್ಟಿದ್ದರೆ ಒರಸಿ, ಮತ್ತೆ ಮೊದಲಿಂದ ನೋಡು. ದೇವರು ಸಿಟ್ಟಾಗುವುದಿಲ್ಲ. ಆದರೂ ಆಗಲಿ.

ದವಾಖಾನೆಗೆ ಹೋಗಿ ಬಂದ ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ರಬಕವಿಗೆ ಹೋದೆ. ನೂಲಿಗೆ ಹಾಕುವ ಬಣ್ಣ ಮಾರುವ ಅಂಗಡಿಯಲ್ಲಿ ನೀಲಿ ಕೇಳಿದೆ.

“ಏನ ಕಾಶವ್ವ, ಈ ವಯಸ್ಸಿನ್ಯಾಗ ಮಗ್ಗಕ್ಕ ಕುಂತೇನು?” ಅಂದ ಅಂಗಡಿಯವ.

“ಟಾಯರಿಗೆ.”

“ಟಾಯರಿಗೆ ನೀಲಿ ಯಾಕ?”

“ನೀಲಿ ಯಾರೂ ದೇವರ ಹೆಸರಲೆ ತೂರಂಗಿಲ್ಲ. ಅದಕ್ಕ.”

ಬಂದು ಬೀರಪ್ಪನ ಜೀಪಿಗೆ ಹೊಸ ಪೈಪು ಹಾಕಿದೆ. ನೀಲಿಯನ್ನು ಎಣ್ಣೆಯಲ್ಲಿ ಕಲಸಿ ಎಡಗಾಲಿಗೆ ಬಳಿದೆ. ದಾರಿಯಲ್ಲಿ ಹೋಗುವ ಇಬ್ಬರನ್ನು ಕರೆದು ಜೀಪು ನೂಕಿಸಿ, ಅದೇ ಕಲ್ಲಿನ ಮೇಲೆ ಗಾಲಿ ಹತ್ತಿಸಿ, ಪೂರ್ತಿ ಹೊರಳಿಸಿದೆ. ಕೆಳಗೆ ಮಲಗಿ ನೋಡಿದೆ. ಹೊಸ ಪೈಪಿನ ಮೇಲೆ, ಅದೇ ಜಾಗದಲ್ಲಿ, ಬೆರಳಗಲ ನೀಲಿ. ಒಂದು ಕ್ಲಾಂಪ್ ಹಾಕಿ ಪೈಪನ್ನು ಒಳಗೆ ಎಳೆದು ಬಿಗಿದೆ. ಮತ್ತೆ ನೂಕಿಸಿದೆ, ಮತ್ತೆ ಹೊರಳಿಸಿದೆ. ತಾಗಲಿಲ್ಲ. ಎಲ್ಲ ಸೇರಿ ಅರ್ಧ ತಾಸಿನ ಕೆಲಸ.