ಅತ್ತಿ ಟೊಂಗಿಯ ತಲಿ ಯಾವ ಕಡಿ

ಖಟಕ ಚಿಂಚೋಳಿ ಊರಾಗ ತೋಳಿನಷ್ಟು ದಪ್ಪ ಅತ್ತಿ ಟೊಂಗಿ ಸಿಕ್ಕೇಬಿಟ್ಟಿತ್ತು! ಎಲಿ ಸವರಿ, ಬುಡಕ್ಕ ಹಸಿ ಗೋಣಿ ಸುತ್ತಿ, ಭಾಲ್ಕಿ ಬಸ್ಸಿನಾಗ ಕೂಸಿನಂಗ ಅಪ್ಪಿಕೊಂಡು ಕುಂತೆ.

"ಒಲಿಗೇನ್ರಿ?" ಅಂದಳು ಬಾಜೂಕ ಕುಂತ ಕೂಲಿ ಹೆಂಗಸು.

"ಇಲ್ರಿ! ಬೇರು ಬಿಡಿಸಿ, ತಾಟಿನಾಗ ಬೋನ್ಸಾಯ್ ಮಾಡ್ತೇನಿ," ಅಂತ ದಾರಿಯುದ್ದ ಪಾಠ ಹೇಳಿದೆ.

ಆಕಿ ಟೊಂಗಿ ಮ್ಯಾಲ ಬೆರಳಾಡಿಸಿದಳು. "ಬೇಲಿಗಿ ನಾವೂ ಇದನ್ನೇ ಹೂಳ್ತೇವ್ರಿ. ಸಣ್ಣ ಕವಲು ಯಾವಾಗಲೂ ಮ್ಯಾಲ ಮುಖ ಮಾಡ್ತಾವ. ನಿಮ್ಮವು ಕೆಳಗ ನೋಡ್ಲಿಕತ್ತಾವ. ಗೋಣಿ ತಲಿಗಿ ಸುತ್ತೀರಿ."

ಆಕಿ ಭಾಲ್ಕಿಯಾಗ ಇಳಿದದ್ದೇ ತಡ, ಗೋಣಿ ಬಿಚ್ಚಿ ಇನ್ನೊಂದು ತುದಿಗಿ ಕಟ್ಟಿದೆ.

ಈಗ ಬೀದರಿನ ಮೈಲೂರದಾಗ, ನಮ್ಮ ಮಾಳಿಗಿ ಮ್ಯಾಲ, ಟೊಂಗಿ ತುಂಬ ಚಿಗುರು! ನೋಡ್ಲಿಕ್ಕ ಬಂದವರಿಗೆಲ್ಲಾ ಬುಡ ಯಾವುದು, ತಲಿ ಯಾವುದು ಅಂತ ಮೊದಲು ಕಲಿಸ್ತೇನಿ, ಹುಟ್ಟಿದಾಗಿನಿಂದ ಗೊತ್ತಿದ್ದವರಂಗ.