ಅತ್ತೆಗೆ ಶಾಕ್ ಕೊಟ್ಟ ಕಳ್ಳರ ಅಲಾರಂ

"ಅಯ್ಯೋ, ಕೈ ಸತ್ತೋಯ್ತು ಕಣವ್ವಾ!" ಗುತ್ತಲಿನ ನಮ್ಮ ಮನೆಯ ಕಬ್ಬಿಣದ ಗೇಟು ಮುಟ್ಟಿದ ಅತ್ತೆ ಕಿರುಚಿಕೊಂಡು ಹಿಂದಕ್ಕೆ ಬಿದ್ದರು. ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದು ನೋಡಿದರೆ, ಹಿಂದಿನ ದಿನವಷ್ಟೇ ಹಾಕಿಸಿದ್ದ ಕಳ್ಳರ ಅಲಾರಂನ ಕರೆಂಟು ತಂತಿಯ ಸಿಪ್ಪೆ ಕಿತ್ತುಹೋಗಿ ಗೇಟಿಗೆ ತಾಗಿತ್ತು. ಅಲಾರಂ ಹಾಕಿದವನನ್ನು ಕರೆಸಿ, "ಈ ಕೆಲಸ ಎಲ್ಲಿ ಕಲಿತೆಯಪ್ಪಾ?" ಎಂದು ಕೇಳಿದೆ.

"ಮೊಬೈಲಲ್ಲಿ ವೀಡಿಯೊ ನೋಡ್ಕಂಡು ಕಲ್ತೆ ಕಣಕ್ಕ. ಇದ್ಕೆಲ್ಲ ಸರ್ಟಿಫಿಕೇಟು ಯಾಕೆ, ಬುಡಿ!" ಎಂದು ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಕೈಯಲ್ಲೇ ಆ ಅಲಾರಂ ಕಿತ್ತುಹಾಕಿಸಿದೆ.

ಆಟೊ ಓಡಿಸುವವನಿಗೂ ಲೈಸೆನ್ಸ್ ಕೇಳುತ್ತಾರೆ. ಮನೆಮನೆಗೆ ಕರೆಂಟು ತಂತಿ ಎಳೆಯುವ ಇಂಥವರನ್ನು ಯಾರೂ ಏನೂ ಕೇಳುವುದಿಲ್ಲವೇಕೆ? ಅತ್ತೆ ಇಂದಿಗೂ ಗೇಟನ್ನು ಕೈಯಿಂದ ಮುಟ್ಟುವುದಿಲ್ಲ. ಒಣ ಕೋಲಿನಿಂದ ತಳ್ಳಿ ಒಳಗೆ ಬರುತ್ತಾರೆ.